ಭಂಗವೂ ಸೂತ್ರವೂ

ಕೆರೆಯಿಂದ ನೀರು ತರುವ ಹೆಂಗಸು ತುಂಬಿದ ಬಿಂದಿಗೆಯನ್ನು ಸೊಂಟದ ಮೇಲೆ ಕೂರಿಸಿಕೊಂಡ ಕ್ಷಣದಲ್ಲಿ ಅವಳ ದೇಹದೊಳಗೆ ಮೂರು ವ್ಯಾಪಾರಗಳು ಒಮ್ಮೆಗೇ ನಡೆದುಹೋಗುತ್ತವೆ: ಬಿಂದಿಗೆಗೆ ನೆಲೆಯಾಗಲೆಂದು ಸೊಂಟ ಒಂದು ಪಕ್ಕಕ್ಕೆ ಚಾಚುತ್ತದೆ; ಆ ಭಾರವನ್ನು ಸರಿದೂಗಿಸಲೆಂದು ಎದೆಯೂ ಹೆಗಲೂ ಎದುರು ಪಕ್ಕಕ್ಕೆ ವಾಲುತ್ತವೆ; ದಾರಿ ನೋಡಬೇಕಾದ ತಲೆ ಮಾತ್ರ ಮರಳಿ ಇತ್ತ ಬಾಗಿ ಪಾದದ ಮೇಲಣ ತನ್ನ ನೆಲೆಯನ್ನು ಸೇರಿಕೊಳ್ಳುತ್ತದೆ. ಅವಳು ಯಾವ ಶಾಸ್ತ್ರವನ್ನೂ ಓದಿದವಳಲ್ಲ. ಬಿಂದಿಗೆ ಚೆಲ್ಲಬಾರದು, ಕಾಲು ಎಡವಬಾರದು ಎಂಬಿಷ್ಟೇ ಅವಳ ಲಕ್ಷ್ಯ. ಆದರೆ ಆ ನಿಲುವನ್ನು ಕಂಡ ನಮ್ಮ ಶಿಲ್ಪಿಗಳು ಅದಕ್ಕೆ ತ್ರಿಭಂಗವೆಂದು ಹೆಸರಿಟ್ಟರು. ಭಂಗವೆಂದರೆ ಮುರಿತ. ಮಾನಭಂಗ, ವ್ರತಭಂಗ, ತಪೋಭಂಗ ಎಂದು ಕೇಡಿನ ಸಂದರ್ಭಗಳಲ್ಲಿಯೇ ನಾವು ಹೆಚ್ಚಾಗಿ ಬಳಸುವ ಈ ಪದ, ಚಿತ್ರಕಾರನ ಮನೆಯ ಹೊಸ್ತಿಲನ್ನು ದಾಟಿದೊಡನೆ ಭಂಗಿಯಾಗಿ, ಚೆಲುವಿನ ಮಾತಾಗಿಬಿಡುತ್ತದೆ. ಅಲ್ಲಿ ಮುರಿಯುವುದು ಯಾವುದೆಂದು ಕೇಳಿದರೆ, ಕಣ್ಣಿಗೆ ಕಾಣದ ಒಂದು ಸರಳರೇಖೆ. ಆ ರೇಖೆಯನ್ನು ಮೊದಲು ಮನಸ್ಸಿನಲ್ಲಿ ನೆಟ್ಟುಕೊಂಡವನಿಗಲ್ಲದೆ ಅದರ ಮುರಿತ ಗೋಚರಿಸದು ಎಂಬುದೇ ಭಾರತೀಯ ಚಿತ್ರವಿದ್ಯೆ ಭಂಗಿಯನ್ನು ಕುರಿತು ಕಂಡುಕೊಂಡ ಮೂಲತತ್ತ್ವ.

ಈ ತತ್ತ್ವದ ವಿಸ್ತಾರವಾದ ನಿರೂಪಣೆ ದೊರೆಯುವುದು ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿರುವ ಚಿತ್ರಸೂತ್ರದಲ್ಲಿ. ಪ್ರತಿಮೆಯನ್ನು ರಚಿಸುವ ಬಗೆಯನ್ನು ತಿಳಿಸಬೇಕೆಂದು ವಜ್ರನೆಂಬ ಅರಸು ಕೇಳಿದಾಗ, ಮಾರ್ಕಂಡೇಯ ಮುನಿ ಅದನ್ನು ನೇರವಾಗಿ ಹೇಳದೆ ಒಂದೊಂದಾಗಿ ಹಿಂದಕ್ಕೆ ಕರೆದೊಯ್ಯುತ್ತಾನೆ: ಚಿತ್ರವನ್ನರಿಯದವನಿಗೆ ಪ್ರತಿಮೆ ತಿಳಿಯದು, ನೃತ್ತವನ್ನರಿಯದವನಿಗೆ ಚಿತ್ರ ತಿಳಿಯದು, ವಾದ್ಯವನ್ನರಿಯದವನಿಗೆ ನೃತ್ತ, ಗೀತವನ್ನರಿಯದವನಿಗೆ ವಾದ್ಯ. ಚಲನೆಯ ಜ್ಞಾನವಿಲ್ಲದೆ ನಿಶ್ಚಲವಾದ ಆಕೃತಿಯನ್ನು ಬರೆಯಲಾಗದು ಎಂಬ ಈ ಮಾತು ಕೇವಲ ಅಲಂಕಾರದ ಮಾತಲ್ಲ. ಗಾಳಿಗೆ ಹಾರುವ ಬಾವುಟವನ್ನೂ ಹೊಗೆಯನ್ನೂ, ಏಳುವ ತೆರೆಯನ್ನೂ ಜ್ವಾಲೆಯನ್ನೂ ಅವುಗಳ ವೇಗದೊಡನೆ ಬರೆಯಬಲ್ಲವನೇ ಚಿತ್ರವನ್ನು ಬಲ್ಲವನು. ಮಲಗಿ ನಿದ್ರಿಸುವವನಲ್ಲಿ ಚೇತನವನ್ನೂ ಸತ್ತವನಲ್ಲಿ ಅದರ ಅಭಾವವನ್ನೂ ತೋರಬಲ್ಲವನೇ ನಿಪುಣನು ಎಂದು ಅದೇ ಗ್ರಂಥ ಒರೆಗಲ್ಲನ್ನೂ ಇಡುತ್ತದೆ. ನಿದ್ರಿತನಿಗೂ ಮೃತನಿಗೂ ಅಂಗಪ್ರಮಾಣದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಕತ್ತು ದಿಂಬಿನ ಮೇಲೆ ಒರಗಿದ ರೀತಿಯಲ್ಲಿ, ಬೆರಳುಗಳು ಮಡಿಸಿದ ಹದದಲ್ಲಿ ಆ ಭೇದವೆಲ್ಲ ಅಡಗಿದೆ. ನಾವು ಭಂಗಿಯೆನ್ನುವುದು ಅದನ್ನೇ.

ಚಿತ್ರಸೂತ್ರ ಒಂಬತ್ತು ಸ್ಥಾನಗಳನ್ನು ಹೇಳಿತು. ನೋಡುವವನಿಗೆ ನೇರವಾಗಿ ಎದುರುನಿಂತ ಋಜ್ವಾಗತದಿಂದ ಹಿಡಿದು, ಪಾರ್ಶ್ವಗತ, ಪೃಷ್ಠಗತ ಮೊದಲಾಗಿ ದೇಹ ತಿರುಗುತ್ತ ಹೋದಂತೆ ಕಣ್ಣಿಗೆ ಹತ್ತಿರದ ಭಾಗ ಹಿಗ್ಗುವುದನ್ನೂ ದೂರದ ಭಾಗ ಕುಗ್ಗುವುದನ್ನೂ ಕ್ಷಯವೃದ್ಧಿಯೆಂಬ ಹೆಸರಿನಿಂದ ಅದು ಗುರುತಿಸಿತು. ಈ ವಿಚಾರವನ್ನು ಲೆಕ್ಕಕ್ಕೆ ತಂದು ನಿಲ್ಲಿಸಿದ ಕೀರ್ತಿ ಕನ್ನಡ ನಾಡಿನ ಅರಸನೊಬ್ಬನಿಗೆ ಸಲ್ಲಬೇಕು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ, ಎಂದರೆ ಅಭಿಲಷಿತಾರ್ಥಚಿಂತಾಮಣಿಯ, ಮೂರನೆಯ ವಿಂಶತಿಯಲ್ಲಿ ಅರಮನೆಯ ಭೋಗಗಳನ್ನು ಹೇಳುತ್ತ ಹೇಳುತ್ತ ಚಿತ್ರಶಾಲೆಯ ಗೋಡೆಯ ಬಳಿಗೆ ಬರುತ್ತಾನೆ. ಕಾಡಿಗೆಯನ್ನು ಅನ್ನದ ಅಗುಳಿನೊಡನೆ ನಾದಿ ಬತ್ತಿಯಂತೆ ಹೊಸೆದ ವರ್ತಿಕೆಯಿಂದ ಮೊದಲ ರೇಖೆಯನ್ನು ಎಳೆಯಬೇಕೆನ್ನುವಷ್ಟು ಸಮೀಪದಿಂದ ಅವನು ಆ ಕಸುಬನ್ನು ಕಂಡಿದ್ದಾನೆ. ಆಕೃತಿಯ ನಡುವೆ ಒಂದು ಬ್ರಹ್ಮಸೂತ್ರ, ಅದರ ಎರಡು ಪಕ್ಕಗಳಲ್ಲಿ ಎರಡು ಪಕ್ಷಸೂತ್ರಗಳು; ಇವೇ ಅವನ ಸಾಧನಗಳು. ಋಜುವಿನಲ್ಲಿ ಬ್ರಹ್ಮಸೂತ್ರಕ್ಕೆ ಎರಡು ಕಡೆಯೂ ಆರಾರು ಅಂಗುಲ. ಅರ್ಧರ್ಜುವಿನಲ್ಲಿ ಒಂದು ಕಡೆ 8, ಇನ್ನೊಂದು ಕಡೆ 4. ಸಾಚಿಯಲ್ಲಿ 10 ಮತ್ತು 2. ಅರ್ಧಾಕ್ಷಿಯಲ್ಲಿ 11 ಮತ್ತು 1. ಭಿತ್ತಿಕವೆಂಬ ಐದನೆಯದರಲ್ಲಿ ಪೂರ್ತಿಯಾಗಿ ಪಕ್ಕದ ನೋಟ. ಮೊದಲ ನಾಲ್ಕನ್ನು ಬೆನ್ನಿನ ಕಡೆಯಿಂದ ನೋಡಿದರೆ ಉಳಿದ ನಾಲ್ಕು ಸ್ಥಾನಗಳು. ಹನ್ನೆರಡಂಗುಲದ ಮೊತ್ತ ಕದಲದು. ದೇಹ ತಿರುಗಿದಂತೆ ಅದರ ಪಾಲುಗಾರಿಕೆ ಮಾತ್ರ ಬದಲಾಗುತ್ತದೆ. ಇಷ್ಟು ಗಣಿತವನ್ನು ಹೇಳಿದ ಈ ಅರಸನೇ, ಕನ್ನಡಿಯ ಬಿಂಬದಂತೆ ಸದೃಶವಾದುದನ್ನು ವಿದ್ಧಚಿತ್ರವೆಂದು ಕರೆದು, ಬರೆಯೋಣವೆಂದು ಥಟ್ಟನೆ ತೋಚಿದ ಗಳಿಗೆಯಲ್ಲಿ ಆಕಾರವಷ್ಟನ್ನೇ ಹಿಡಿದಿಡುವ ಬರಹಕ್ಕೆ ಅವಿದ್ಧವೆಂಬ ಬೇರೆ ಹೆಸರನ್ನೂ ಸ್ಥಾನವನ್ನೂ ಕೊಟ್ಟನೆಂಬುದು ಇಲ್ಲಿ ಮನನ ಮಾಡತಕ್ಕ ಸಂಗತಿ.

ತಿರುಗುವಿಕೆಯನ್ನು ಸ್ಥಾನಗಳು ಅಳೆದರೆ ಬಾಗುವಿಕೆಯನ್ನು ಭಂಗಗಳು ಅಳೆಯುತ್ತವೆ. ನೆತ್ತಿಯಿಂದ ಇಳಿಬಿಟ್ಟ ನೂಲು ಹೊಕ್ಕುಳನ್ನು ಹಾಯ್ದು ಎರಡು ಹಿಮ್ಮಡಿಗಳ ನಡುವೆ ಬಿದ್ದರೆ ಸಮಭಂಗ; ಹೊಕ್ಕುಳು ನೂಲಿನಿಂದ ತುಸುವೇ ಸರಿದರೆ ಆಭಂಗ; ಕಾಲು ಒಂದು ಕಡೆಗೂ ಮುಂಡ ಇನ್ನೊಂದು ಕಡೆಗೂ ಸಾಗಿ ತಲೆ ಮತ್ತೆ ಮೊದಲ ಕಡೆಗೆ ಮರಳಿದರೆ ತ್ರಿಭಂಗ; ಅದೇ ಬಳುಕು ಬಿರುಗಾಳಿಗೆ ಸಿಕ್ಕಿದ ಮರದಂತೆ ಮಿತಿಮೀರಿದರೆ ಅತಿಭಂಗ. ಬೇಲೂರಿನಲ್ಲಿ, 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಹೊರಸುತ್ತಿನಲ್ಲಿ ಸೂರಿನ ಕೆಳಗೆ 38, ಒಳಗೆ ನವರಂಗದಲ್ಲಿ 4, ಹೀಗೆ ನಿಂತಿರುವ ಮದನಿಕೆಯರನ್ನು ನೋಡಿದವರು ಈ ಶಾಸ್ತ್ರವನ್ನು ಕಲ್ಲಿನಲ್ಲೇ ಓದಿದಂತಾಗುತ್ತದೆ. ಅವರಲ್ಲಿ ದರ್ಪಣಸುಂದರಿಯೆಂಬವಳ ಎದುರು ನಿಂತು, ಒಂದು ನೂಲಿಗೆ ಬೆಣಚುಕಲ್ಲಿನ ಚೂರನ್ನು ಕಟ್ಟಿ, ಒಂದು ಕಣ್ಣನ್ನು ಮುಚ್ಚಿ, ತೋಳು ಚಾಚಿ ಹಿಡಿದು ನಾನೊಮ್ಮೆ ನೋಡಿದ್ದುಂಟು. ಅಲ್ಲಿಯವರೆಗೆ ಕಿರೀಟ, ಕಂಠೀಹಾರ, ಮೇಲೆ ಕವಿದ ಎಲೆಬಳ್ಳಿಗಳ ಚಪ್ಪರ, ಕಾಲಬಳಿಯ ಪರಿಚಾರಕಿಯರು ಎಂದು ಬಿಡಿಬಿಡಿಯಾಗಿ ಅಲೆಯುತ್ತಿದ್ದ ಕಣ್ಣು, ನೂಲು ಅಡ್ಡಬಂದೊಡನೆ ಅವನ್ನೆಲ್ಲ ಬಿಟ್ಟು, ನೂಲಿನ ಆಚೆಗೊಮ್ಮೆ ಈಚೆಗೊಮ್ಮೆ ಹರಿದು ಇಳಿಯುವ ಒಂದೇ ಒಂದು ಬಾಗನ್ನು ಕಂಡಿತು. ಆಭರಣಗಳೆಲ್ಲ ಆ ಬಾಗಿನ ಮೇಲೆ ಹೊರಿಸಿದ ಭಾರವೇ ಹೊರತು ಅದಕ್ಕೆ ಆಧಾರವಲ್ಲ. ಈ ಗುಡಿಯ ಮದನಿಕೆಯರಲ್ಲಿ ಕೆಲವರ ಪೀಠಗಳ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರನ್ನು ಕೆತ್ತಿಹೋಗಿದ್ದಾರೆ. ಒಬ್ಬರ ಸೂತ್ರ ಇನ್ನೊಬ್ಬರದೇ ಆಗಿದ್ದರೂ ಒಬ್ಬರ ಬಾಗು ಇನ್ನೊಬ್ಬರದಲ್ಲವೆಂಬ ಅಭಿಮಾನ ಆ ಸಹಿಗಳ ಹಿಂದೆ ಇದ್ದಿರಬೇಕು.

ಕಾಲಾಂತರದಲ್ಲಿ ಸೂತ್ರ, ಬಾಗು ಎಂಬ ಈ ಎರಡರ ನಂಟು ಸಡಿಲವಾಯಿತು. ಸುಟ್ಟ ಹುಣಿಸೆಕಡ್ಡಿಯ ಇದ್ದಲಿನಿಂದ ಮೊದಲ ರೇಖೆಯನ್ನು ಎಳೆಯುತ್ತಿದ್ದ ಮೈಸೂರಿನ ಚಿತ್ರಕಾರರ ಕೈಯಲ್ಲಿ ತಾಳಮಾನವೂ ಧ್ಯಾನಶ್ಲೋಕವೂ ಶ್ರದ್ಧೆಯಿಂದ ಉಳಿದುಬಂದುವು. ದೇವತಾಮೂರ್ತಿಯ ನಿಲುವು ಮಾತ್ರ ಅನೇಕ ವೇಳೆ ಒಂದೇ ಅಚ್ಚಿನಲ್ಲಿ ಎರೆದಂತಾಯಿತು. ಆದರೂ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ, ಕೌತುಕನಿಧಿಯೆಂಬ ಭಾಗದಲ್ಲಿ ಬರೆಯಿಸಿರುವ 122 ಆಸನಗಳ ಚಿತ್ರಗಳನ್ನು ನೋಡಿದರೆ, ಹಗ್ಗವನ್ನು ಹಿಡಿದು ಏರುವ, ಕೈಯೂರಿ ತಲೆಕೆಳಗಾಗುವ ಮೈಗಳನ್ನು ಆ ಚಿತ್ರಕಾರರು ಕಣ್ಣಾರೆ ಗಮನಿಸಿದ್ದರೆಂದೇ ತೋರುತ್ತದೆ.

ಕಳಚಿದ ಈ ಕೊಂಡಿಯನ್ನು ಮತ್ತೆ ಬೆಸೆಯುವ ಕಾರ್ಯದಲ್ಲಿ ಮೈಸೂರಿನವನೇ ಒಬ್ಬನು ಪಾಲುಗೊಂಡನೆಂಬುದು ನಮ್ಮವರಲ್ಲಿ ಅನೇಕರು ಮರೆತ ಸಂಗತಿ. ಅರಮನೆಯ ಚಿತ್ರಕಾರರ ಮನೆತನದಲ್ಲಿ 1886ರಲ್ಲಿ ಜನಿಸಿದ ಕೆ. ವೆಂಕಟಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದ 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಗುರುಗಳು ಬಂಗಾಳಿಯಲ್ಲಿ ಬರೆದ ಭಾರತೀಯ ಅಂಗವಿನ್ಯಾಸದ ಪ್ರಬಂಧ, ಸುಕುಮಾರ ರಾಯರ ಇಂಗ್ಲಿಷ್ ಅನುವಾದದಲ್ಲಿ 1914ರಲ್ಲಿ ಪ್ರಕಟವಾಯಿತು. ಅದರ ರೇಖಾಚಿತ್ರಗಳನ್ನು ಬರೆದುಕೊಟ್ಟವರು ನಂದಲಾಲ ಬಸು ಮತ್ತು ನಮ್ಮ ವೆಂಕಟಪ್ಪನವರು. ನಾಲ್ಕು ಭಂಗಗಳ ನಡುವೆ ಹಾಯುವ ಸೂತ್ರವನ್ನು ಆಧುನಿಕ ವಿದ್ಯಾರ್ಥಿಗಳು ಸ್ಪಷ್ಟವಾಗಿ ಕಂಡದ್ದು ಈ ಸಣ್ಣ ಪುಸ್ತಕದಲ್ಲಿ. ಧರ್ಮಶಾಸ್ತ್ರವನ್ನು ಓದಿದ ಮಾತ್ರದಿಂದ ಧಾರ್ಮಿಕನಾಗದಂತೆ ಶಿಲ್ಪಶಾಸ್ತ್ರವನ್ನು ಓದಿದ ಮಾತ್ರದಿಂದ ಯಾರೂ ಶಿಲ್ಪಿಯಾಗರೆಂಬ ಎಚ್ಚರಿಕೆಯನ್ನೂ ಅವನೀಂದ್ರರು ಆರಂಭದಲ್ಲಿಯೇ ಕೊಟ್ಟಿದ್ದರು. ಶಿಷ್ಯರು ಊರಿಗೆ ಮರಳಿದ ಮೇಲೆ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ನಿಷ್ಠೆಯಿಂದ ಅಭ್ಯಾಸ ಮಾಡಿದರೆಂಬುದನ್ನು ನೆನೆದಾಗ, ಗೀತವಾದ್ಯಗಳಿಲ್ಲದೆ ಚಿತ್ರವಿಲ್ಲವೆಂದ ಮಾರ್ಕಂಡೇಯನ ಮಾತು ಒಂದು ಬಾಳಿನಲ್ಲಿ ಫಲಿಸಿದಂತೆ ಕಾಣುತ್ತದೆ.

ಭಂಗಿಯ ವಿಚಾರ ನಮ್ಮೊಬ್ಬರದೇ ಆಸ್ತಿಯೇನಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಗ್ರೀಸಿನ ಪಾಲಿಕ್ಲೀಟಸನು ದೇಹಪ್ರಮಾಣವನ್ನು ಕುರಿತು ಗ್ರಂಥವನ್ನೂ ರಚಿಸಿದನು, ಒಂದು ಕಾಲಿಗೆ ಭಾರವನ್ನು ಬಿಟ್ಟು ನಿಂತ ಭರ್ಜಿಧಾರಿಯನ್ನೂ ರೂಪಿಸಿದನು. ಅವನಲ್ಲಿಯೂ ಮಾನ ಮತ್ತು ಬಾಗು ಒಂದೇ ಕೈಯ ಕೆಲಸಗಳು. ನ್ಯೂಯಾರ್ಕಿನಲ್ಲಿ ಚಿತ್ರಕಲೆಯನ್ನು ಬೋಧಿಸಿದ ಕಿಮೋನ್ ನಿಕೊಲೈಡಿಸರ ಪಾಠಗಳು 1941ರಲ್ಲಿ ಪುಸ್ತಕವಾಗಿ ಬಂದಮೇಲೆ, ಮಾದರಿಯವರು ಒಂದೊಂದು ನಿಮಿಷಕ್ಕೆ ನಿಲುವು ಬದಲಿಸುವಾಗ ಮೈಯ ಅಂಚನ್ನು ಗಣಿಸದೆ ಅದರ ಕ್ರಿಯೆಯನ್ನು ಮಾತ್ರ ಗೀಚಿಕೊಳ್ಳುವ ಅಭ್ಯಾಸ ಲೋಕದ ಕಲಾಶಾಲೆಗಳಲ್ಲೆಲ್ಲ ಹಬ್ಬಿತು. ಆ ಅಭ್ಯಾಸ ಒಳ್ಳೆಯದೇ. ಆದರೆ ವೇಗವಾಗಿ ಗೀಚಿದುದೆಲ್ಲ ಭಂಗಿಯಾಗಲಾರದು. ಭಾರ ಯಾವ ಪಾದದ ಮೇಲೆ ಬಿದ್ದಿದೆಯೆಂಬುದನ್ನು ಅರಿಯದ ಕೈ ನಿಮಿಷಕ್ಕೆ ಹತ್ತು ಚಿತ್ರ ಬರೆದರೂ ಅವೆಲ್ಲ ನೆಲಕ್ಕೆ ತಾಗದೆ ತೂಗಾಡುತ್ತವೆ. ಸೋಮೇಶ್ವರನು ಅವಿದ್ಧವನ್ನೂ ಅಂಗುಲದ ಲೆಕ್ಕವನ್ನೂ ಒಂದೇ ಗ್ರಂಥದಲ್ಲಿ ಇಟ್ಟುದರ ಔಚಿತ್ಯ ಇಲ್ಲಿ ಮನವರಿಕೆಯಾಗುತ್ತದೆ.

ಆದಕಾರಣ ಚಿತ್ರ ಕಲಿಯುವ ಎಳೆಯರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ಬೇಲೂರಿಗೆ ಹೋದಾಗ ಜೇಬಿನಲ್ಲಿ ಒಂದು ಗೇಣು ನೂಲನ್ನೂ ಒಂದು ಸಣ್ಣ ಕಲ್ಲನ್ನೂ ಇಟ್ಟುಕೊಂಡು ಹೋಗಿ. ಯಾವಳಾದರೂ ಒಬ್ಬ ಮದನಿಕೆಯ ನೇರ ಎದುರಿಗೆ ನಿಂತು, ನೂಲನ್ನು ಅವಳ ಹಣೆಯಿಂದ ಇಳಿಬಿಟ್ಟು, ಅದು ಯಾವ ಪಾದದ ಬಳಿ ಬೀಳುವುದೆಂಬುದನ್ನು ಗುರುತಿಸಿಕೊಂಡು, ಆಮೇಲೆ ಸೀಸದ ಕಡ್ಡಿಯನ್ನು ಕೈಗೆತ್ತಿಕೊಳ್ಳಿ.