ತಾಮ್ರಶೋಧನೆಯ ಇತಿಹಾಸದಲ್ಲಿ ದ್ರಾವಣಶುದ್ಧಿ

ತಾಮ್ರದ ವಿದ್ಯುಚ್ಛೋಧನೆಯನ್ನು ಕುರಿತು ಮಾತನಾಡುವಾಗ ನಮ್ಮ ಗಮನವೆಲ್ಲ ಲೋಹದ ಮೇಲೆಯೇ ನಿಲ್ಲುತ್ತದೆ. ಅದನ್ನು ಒಂದು ಫಲಕದಿಂದ ಇನ್ನೊಂದಕ್ಕೆ ಸಾಗಿಸುವ ದ್ರಾವಣವನ್ನು ಮರೆಯುತ್ತೇವೆ. ಆದರೆ ಈ ಕೈಗಾರಿಕೆಯ ಕಠಿಣ ಸಮಸ್ಯೆಗಳು ಬಹುಮಟ್ಟಿಗೆ ಆ ದ್ರಾವಣದಲ್ಲಿಯೇ ಅಡಗಿವೆ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ತಂತಿ ಸಮಾಚಾರವು ಸಮುದ್ರಗಳನ್ನು ದಾಟತೊಡಗಿದಾಗ ತಾಮ್ರದ ಶುದ್ಧತೆಗೆ ಹೊಸ ಅರ್ಥ ಬಂದಿತು. ಮಾರಾಟದ ತಾಮ್ರತಂತಿಗಳ ವಾಹಕತ್ವದಲ್ಲಿ ಬಹಳ ಅಂತರವಿರುವುದನ್ನು ವಿಲಿಯಂ ಥಾಮ್ಸನ್ 1857ರಲ್ಲಿ ತೋರಿಸಿದನು. ಅತ್ಯಲ್ಪ ಆರ್ಸೆನಿಕ್ ಕೂಡ ವಾಹಕತ್ವವನ್ನು ಕುಗ್ಗಿಸುವುದೆಂಬುದು ಮ್ಯಾಥಿಸನ್ನನ ಪ್ರಯೋಗಗಳಿಂದ ಸ್ಪಷ್ಟವಾಯಿತು. ಇಂಥ ಕಶ್ಮಲಗಳನ್ನು ಕುಲುಮೆಯ ಬೆಂಕಿಯೊಂದೇ ಪೂರ್ತಿಯಾಗಿ ನೀಗಲಾರದು. ಬರ್ಮಿಂಗ್‌ಹ್ಯಾಮಿನಲ್ಲಿ ವಿದ್ಯುಲ್ಲೇಪನದ ಉದ್ಯಮ ನಡೆಸುತ್ತಿದ್ದ ಜೇಮ್ಸ್ ಎಲ್ಕಿಂಗ್ಟನ್ 1865ರಲ್ಲಿ ಹೊಸ ವಿಧಾನಕ್ಕೆ ಪೇಟೆಂಟ್ ಪಡೆದನು. 1869ರಲ್ಲಿ ವೇಲ್ಸಿನ ಪೆಂಬ್ರೆಯಲ್ಲಿ ಅದು ಕಾರ್ಯರೂಪಕ್ಕೆ ಬಂದಿತು.

ಮೈಲುತುತ್ತ ಮತ್ತು ಗಂಧಕಾಮ್ಲಗಳ ದ್ರಾವಣದಲ್ಲಿ ಅಶುದ್ಧ ತಾಮ್ರದ ಧನಾಗ್ರವು ಕರಗುತ್ತದೆ. ಶುದ್ಧ ತಾಮ್ರವು ಋಣಾಗ್ರವನ್ನು ಸೇರುತ್ತದೆ. ಚಿನ್ನ ಬೆಳ್ಳಿಗಳು ಕೆಸರಾಗಿ ತಳಕ್ಕಿಳಿಯುತ್ತವೆ. ನಿಕ್ಕಲ್, ಕಬ್ಬಿಣಗಳು ಕರಗಿದರೂ ಋಣಾಗ್ರದಲ್ಲಿ ಕೂಡುವುದಿಲ್ಲ; ದ್ರಾವಣದಲ್ಲಿ ದಿನೇ ದಿನೇ ಸಾಂದ್ರವಾಗುತ್ತವೆ. ಆರ್ಸೆನಿಕ್, ಆಂಟಿಮನಿ, ಬಿಸ್ಮತ್‌ಗಳು ಇನ್ನೂ ಅಪಾಯಕರ. ಇವುಗಳ ವಿಭವವು ತಾಮ್ರದ ವಿಭವಕ್ಕೆ ಸಮೀಪವಾದುದರಿಂದ, ಮಿತಿ ಮೀರಿದರೆ ಇವು ತಾಮ್ರದೊಡನೆಯೇ ಕೂಡಬಲ್ಲವು. ತೇಲುವ ಕೆಸರಾಗಿಯೂ ಫಲಕಕ್ಕೆ ಅಂಟಬಲ್ಲವು. ಹೀಗೆ ಲೋಹವನ್ನು ಶುದ್ಧಗೊಳಿಸುವ ದ್ರಾವಣವೇ ಕಾಲಕ್ರಮದಲ್ಲಿ ಅದನ್ನು ಕೆಡಿಸತೊಡಗುತ್ತದೆ.

ಆದುದರಿಂದ ದ್ರಾವಣದ ಒಂದು ಭಾಗವನ್ನು ಆಗಾಗ ಹೊರತೆಗೆಯುವ ಪದ್ಧತಿ ರೂಢಿಗೆ ಬಂದಿತು. ಅದನ್ನು ಬತ್ತಿಸಿ ಮೈಲುತುತ್ತದ ಹರಳುಗಳನ್ನು ಪಡೆಯುವುದು ಒಂದು ಮಾರ್ಗ. ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವುದೂ ಇದೇ ಲವಣ. ಕರಗದ ಸೀಸದ ಧನಾಗ್ರಗಳ ತೊಟ್ಟಿಗಳಲ್ಲಿ ವಿದ್ಯುತ್ತನ್ನು ಹರಿಸಿ ತಾಮ್ರವನ್ನು ಇಳಿಸುವುದು ಮತ್ತೊಂದು. ಮೊದಲ ತೊಟ್ಟಿಗಳಲ್ಲಿ ಒಳ್ಳೆಯ ತಾಮ್ರ ದೊರೆಯುತ್ತದೆ. ಕೊನೆಯವುಗಳಲ್ಲಿ ಆರ್ಸೆನಿಕ್ಕೂ ಅದರೊಡನೆ ಇಳಿಯುತ್ತದೆ. ತಾಮ್ರವು ತೀರ ಕಡಿಮೆಯಾದರೆ ಆರ್ಸೀನ್ ಎಂಬ ಮಾರಕ ಅನಿಲ ಹುಟ್ಟುವುದರಿಂದ ಅಲ್ಲಿ ಗಾಳಿಯ ಸಂಚಾರ ಮತ್ತು ಎಚ್ಚರಿಕೆಗಳು ಕೆಲಸಗಾರರ ಪ್ರಾಣಕ್ಕೆ ಸಂಬಂಧಿಸಿದವು. ಉಳಿದ ದ್ರವವನ್ನು ಬತ್ತಿಸಿ ನಿಕ್ಕಲ್ ಸಲ್ಫೇಟನ್ನು ತೆಗೆದ ಮೇಲೆ ಆಮ್ಲವನ್ನು ಮರಳಿ ಬಳಸಬಹುದು. ಆಂಟಿಮನಿ, ಬಿಸ್ಮತ್‌ಗಳನ್ನು ಹಿಡಿಯಲು ಅಯಾನು ವಿನಿಮಯದ ರಾಳಗಳೂ ಮುಂದೆ ಬಳಕೆಗೆ ಬಂದವು.

ಈ ಇತಿಹಾಸದಿಂದ ನಾವು ಗ್ರಹಿಸಬೇಕಾದುದು ಇಷ್ಟು: ಶೋಧನೆಯಿಂದ ಕಶ್ಮಲವು ನಾಶವಾಗುವುದಿಲ್ಲ, ಸ್ಥಳಾಂತರಗೊಳ್ಳುತ್ತದೆ. ನಿಕ್ಕಲ್ಲಿಗೆ ಕೊಳ್ಳುವವರುಂಟು, ಆರ್ಸೆನಿಕ್ಕಿಗೆ ಅಷ್ಟು ಬೇಡಿಕೆಯಿಲ್ಲ. ಅದನ್ನು ನೀರಿಗೂ ಗಾಳಿಗೂ ಸೇರದಂತೆ ಸುರಕ್ಷಿತವಾಗಿ ಇರಿಸುವ ಹೊಣೆಯೂ ಶುದ್ಧ ತಾಮ್ರದ ಬೆಲೆಯಲ್ಲಿ ಸೇರಬೇಕಾದುದೇ ಆಗಿದೆ.