ಎಡಗೈ ಹೆಬ್ಬೆರಳಿನ ಕೀಲಿ

ಬಾದಾಮಿಯ ಮೊದಲನೆಯ ಗುಹೆಯಲ್ಲಿ 18 ತೋಳುಗಳ ನಟರಾಜನ ಪಕ್ಕದಲ್ಲಿ ವಾದ್ಯ ನುಡಿಸುವವನನ್ನೂ ಶಿಲ್ಪಿ ಮರೆಯದೆ ಕಂಡರಿಸಿದ್ದಾನೆ. ವಾದಕನಿಗೆ ಸಲ್ಲಬೇಕಾದ ಆ ಗೌರವವನ್ನು ನಾನೊಮ್ಮೆ ಮರೆತೆ. ಹತ್ತಿರದ ಬನಶಂಕರಿಯ ಜಾತ್ರೆಯಲ್ಲಿ ಬ್ಯಾಂಡಿನವರ ಕ್ಲಾರಿನೆಟ್ ಕೇಳುತ್ತ, 'ಇದು ವಿಲಾಯಿತಿ ಸನಾದಿ, ಅಷ್ಟೆ' ಎಂದುಬಿಟ್ಟೆ. ಅದು ಕಿವಿಗೆ ಬಿದ್ದ ವೃದ್ಧ ವಾದಕ ನಕ್ಕು, 'ಸನಾದಿ ಬೆರಳು ಇದಕ್ಕ ನಡ್ಯೂದಿಲ್ರೀ' ಎನ್ನುತ್ತ ವಾದ್ಯವನ್ನು ತಿರುಗಿಸಿ ತೋರಿಸಿದ. ಹಿಂಬದಿಯಲ್ಲಿ, ಎಡಗೈ ಹೆಬ್ಬೆರಳು ಮುಚ್ಚುವ ರಂಧ್ರದ ಮೇಲೆ, ಒಂದು ಪುಟ್ಟ ಕೀಲಿಯಿತ್ತು.

ಆ ಕೀಲಿಗೊಂದು ಚರಿತ್ರೆಯುಂಟು. ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಯೋಹಾನ್ ಕ್ರಿಸ್ಟೋಫ್ ಡೆನ್ನರ್ ಎಂಬ ವಾದ್ಯಕಾರನಿದ್ದ, 1707ರಲ್ಲಿ ತೀರಿಕೊಂಡ. ಶಾಲುಮೋ ಎಂಬ ಹಳೆಯ ಊದುವಾದ್ಯವನ್ನು ಸುಧಾರಿಸಿದವನೂ ಕ್ಲಾರಿನೆಟ್ಟನ್ನು ಕಂಡುಹಿಡಿದವನೂ ಈತನೇ ಎಂದು 1730ರಲ್ಲಿ ಅದೇ ಊರಿನ ಡೊಪ್ಪೆಲ್‌ಮಯರ್ ಬರೆದಿಟ್ಟ. ಶಾಲುಮೋ ಹೆಚ್ಚಾಗಿ ಮಂದ್ರದಲ್ಲೇ ನಿಲ್ಲುತ್ತಿತ್ತು. ಹೆಬ್ಬೆರಳಿನ ಕೀಲಿ ಅದಕ್ಕೆ ಮೇಲಿನ ಸ್ಥಾಯಿಯ ಬಾಗಿಲು ತೆರೆಯಿತು. ಆ ಮೇಲಿನ ಸ್ವರಗಳು ದೂರಕ್ಕೆ ತುತ್ತೂರಿಯಂತೆ ಕೇಳಿಸಿದವು; 'ಪುಟ್ಟ ತುತ್ತೂರಿ' ಎಂಬ ಅರ್ಥದ ಹೆಸರೇ ವಾದ್ಯಕ್ಕೆ ನಿಂತಿತು.

ಕೊಳಲನ್ನು ಜೋರಾಗಿ ಊದಿದರೆ ಮಧ್ಯ ಷಡ್ಜ ತಾರ ಷಡ್ಜವಾಗುತ್ತದೆ. ತುದಿಗೆ ಅಗಲವಾಗುವ ಸನಾದಿಯೂ ಹಾಗೆಯೇ. ಕ್ಲಾರಿನೆಟ್ಟಿನ ಕೊಳವೆಯಾದರೋ ಬಹುಮಟ್ಟಿಗೆ ಒಂದೇ ಅಗಲದ್ದು. ಜೀವಾಳಿಯಿರುವ ತುದಿ ಮುಚ್ಚಿದಂತೆ ವರ್ತಿಸುತ್ತದೆ. ಇಂಥ ಕೊಳವೆಯ ಗಾಳಿಗೆ ಇಮ್ಮಡಿ ಕಂಪನ ಒಗ್ಗದು; ಮುಮ್ಮಡಿಗೆ ಹಾರುತ್ತದೆ. ಕೀಲಿ ಒತ್ತಿದಾಗ ತೆರೆಯುವ ಸಣ್ಣ ರಂಧ್ರ ಮೂಲ ಕಂಪನವನ್ನು ಕದಡಿ ಈ ನೆಗೆತಕ್ಕೆ ದಾರಿ ಮಾಡುತ್ತದೆ. ಆದ್ದರಿಂದ ಷಡ್ಜದ ಬೆರಳುಗಳನ್ನು ಹಾಗೆಯೇ ಇಟ್ಟು ಕೀಲಿ ಒತ್ತಿದರೆ ಬರುವುದು ತಾರ ಷಡ್ಜವಲ್ಲ, ತಾರ ಪಂಚಮ! ರಂಧ್ರವಾದರೋ ಒಂದೇ, ಎಲ್ಲ ಸ್ವರಗಳಿಗೂ ಅದು ಸರಿಯಾದ ಜಾಗದಲ್ಲಿರಲಾರದು. ಉಳಿದ ಶ್ರುತಿಯನ್ನು ತುಟಿಯೂ ಉಸಿರೂ ತಿದ್ದಬೇಕು.

ಆ ವೃದ್ಧ ಬಾಲ್ಯದಲ್ಲಿ ಕಲಿತದ್ದು ಸನಾದಿ. ಮದುವೆಯ ಮನೆಗಳು ಬ್ಯಾಂಡು ಕೇಳತೊಡಗಿದಾಗ, ಹೊಟ್ಟೆಪಾಡಿಗಾಗಿ ಕ್ಲಾರಿನೆಟ್ ಹಿಡಿದ. ಕೆಳಗಿನ ಸ್ಥಾಯಿಗೊಂದು ಬೆರಳುಪಾಠ, ಮೇಲಿನದಕ್ಕೆ ಇನ್ನೊಂದು. ಪುಸ್ತಕವಿಲ್ಲ, ಗುರುವಿಲ್ಲ, ಕಿವಿಯೊಂದೇ ಆಧಾರ. 'ಎರಡು ವರ್ಷ ಬೆರಳು ಸುಳ್ಳು ಹೇಳಿದವು' ಎಂದ.

ಡೆನ್ನರನ ಹೆಸರನ್ನು ಬರೆದಿಡಲು ಒಬ್ಬನಿದ್ದ. ನಮ್ಮ ಊರೂರಿನಲ್ಲಿ ಆ ಕೀಲಿಯ ಗುಟ್ಟನ್ನು ತಾವಾಗಿಯೇ ಮತ್ತೆ ಕಂಡುಕೊಂಡವರನ್ನು ಯಾರು ಬರೆದಿಟ್ಟರು? ಅಂದಿನಿಂದ 'ವಿಲಾಯಿತಿ ಸನಾದಿ' ಎಂಬ ಮಾತನ್ನು ನಾನು ಆಡಿಲ್ಲ.