ಎರಡನೇ ಬೆನ್ನುಹುರಿ, ಎರಡನೇ ಹೆಸರು

ಭ್ರೂಣ ಬೆಳೆಯುವ ಮೊದಲ ಹಂತದಲ್ಲಿ ಅದರ ಹೊರಪದರದ ಜೀವಕೋಶಗಳೆಲ್ಲ ನೋಡಲು ಒಂದೇ ಥರ ಇರುತ್ತವೆ. ಮುಂದೆ ಅದೇ ಪದರದ ಒಂದಷ್ಟು ಕೋಶಗಳು ಚರ್ಮವಾಗುತ್ತವೆ. ಪಕ್ಕದಲ್ಲೇ ಇದ್ದ ಇನ್ನೊಂದಷ್ಟು ಕೋಶಗಳು ದಪ್ಪಗಾಗಿ, ಒಳಕ್ಕೆ ಮಡಚಿಕೊಂಡು ಒಂದು ಕೊಳವೆಯಾಗುತ್ತವೆ. ಆ ನರಕೊಳವೆಯೇ ಮುಂದೆ ಮಿದುಳು ಮತ್ತು ಬೆನ್ನುಹುರಿ. ನೀನು ಚರ್ಮವಾಗು, ನೀನು ನರವಾಗು ಎಂದು ಹೇಳುವವರು ಯಾರು?

ಈ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಸಿಕ್ಕಿದ್ದು ನೂರು ವರ್ಷಗಳ ಹಿಂದೆ, ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದಲ್ಲಿ. ಅದಕ್ಕೆ ನೊಬೆಲ್ ಬಂದದ್ದು ಪ್ರೊಫೆಸರ್ ಹಾನ್ಸ್ ಸ್ಪೇಮಾನ್ ಅವರಿಗೆ. ಪ್ರಯೋಗ ಮಾಡಿದ ಕೈಗಳು ಮಾತ್ರ ಅವರ ವಿದ್ಯಾರ್ಥಿನಿ ಹಿಲ್ಡೆ ಮಾಂಗೋಲ್ಡ್ ಅವರವು. ವರದಿಯ ಮೇಲೆ ಯಾರ ಬೈಲೈನ್ ಇದೆ ಎಂದು ಮೊದಲು ನೋಡುವ ನಮ್ಮಂಥವರಿಗೆ ಈ ಕಥೆ ಗೊತ್ತಿರಬೇಕು.

ಹಿಲ್ಡೆ ಹುಟ್ಟಿದ್ದು 1898ರಲ್ಲಿ, ಗೋಥಾ ಎಂಬ ಊರಿನಲ್ಲಿ. ಸ್ಪೇಮಾನ್ ಅವರ ಒಂದು ಉಪನ್ಯಾಸ ಕೇಳಿ ಮನಸೋತು, 1920ರಲ್ಲಿ ಫ್ರೈಬುರ್ಗ್‌ಗೆ ಬಂದು ಅವರ ಬಳಿ ಪಿಎಚ್‌.ಡಿ.ಗೆ ಸೇರಿದರು. ಮೊದಲು ಸಿಕ್ಕಿದ್ದು ಕೈಗೂಡದ ಕೆಲಸ. ಹೈಡ್ರಾ ಎಂಬ ಪುಟ್ಟ ನೀರುಜೀವಿಯನ್ನು ಚೀಲದಂತೆ ಒಳಹೊರಗು ಮಾಡುವ, 18ನೇ ಶತಮಾನದ ಪ್ರಯೋಗವೊಂದನ್ನು ಮತ್ತೆ ಮಾಡಿ ತೋರಿಸಬೇಕಿತ್ತು. ಅದು ಆಗಲಿಲ್ಲ. 1921ರ ವಸಂತದಲ್ಲಿ ಸ್ಪೇಮಾನ್ ಬೇರೆ ವಿಷಯ ಕೊಟ್ಟರು.

ಈ ಬಾರಿ ಪ್ರಾಣಿ ನ್ಯೂಟ್. ನೋಡಲು ಹಲ್ಲಿಯಂತಿದ್ದರೂ ಇದು ಕಪ್ಪೆಯ ಬಳಗದ ಉಭಯಚರಿ. ಎರಡು ಜಾತಿಯ ನ್ಯೂಟ್‌ಗಳ ಭ್ರೂಣಗಳನ್ನು ಆರಿಸಿಕೊಂಡರು. ಒಂದರ ಕೋಶಗಳಲ್ಲಿ ಬಣ್ಣವಿಲ್ಲ, ಇನ್ನೊಂದರಲ್ಲಿ ಬಣ್ಣವಿದೆ. ಹೀಗಾಗಿ ಯಾವ ಕೋಶ ಯಾರದು ಎಂದು ಕೊನೆಯವರೆಗೂ ಗುರುತಿಸಬಹುದು. ಭ್ರೂಣದ ಕೋಶಗಳು ಒಳಕ್ಕೆ ಸರಿಯುವ ರಂಧ್ರದ ಮೇಲಂಚಿನಲ್ಲಿ ಒಂದು ಸಣ್ಣ ಭಾಗವಿದೆ. ಬಣ್ಣವಿಲ್ಲದ ಭ್ರೂಣದಿಂದ ಆ ತುಣುಕನ್ನು ಕತ್ತರಿಸಿ, ಬಣ್ಣದ ಭ್ರೂಣದ ಹೊಟ್ಟೆಯ ಕಡೆಗೆ ಕಸಿ ಮಾಡಬೇಕು. ಭ್ರೂಣದ ಗಾತ್ರ ಸಾಸಿವೆ ಕಾಳಿನಷ್ಟು. ಉಪಕರಣವೆಂದರೆ ಕೈಯಾರೆ ಎಳೆದು ಮಾಡಿದ ಗಾಜಿನ ಸೂಜಿ ಮತ್ತು ಕೂದಲಿನ ಕುಣಿಕೆ. ಆಗಿನ್ನೂ ಆ್ಯಂಟಿಬಯಾಟಿಕ್ ಇರಲಿಲ್ಲ, ಕಸಿಯಾದ ಭ್ರೂಣಗಳಲ್ಲಿ ಹೆಚ್ಚಿನವು ಸೋಂಕು ತಗುಲಿ ಸಾಯುತ್ತಿದ್ದವು. ನ್ಯೂಟ್ ಮೊಟ್ಟೆಯಿಡುವುದು ವಸಂತದಲ್ಲಿ ಮಾತ್ರ. ಒಂದು ಹಂಗಾಮು ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ಇಷ್ಟೆಲ್ಲ ಪಾಡುಪಟ್ಟ ಮೇಲೆ ಪ್ರಬಂಧದಲ್ಲಿ ವಿವರವಾಗಿ ಬರೆಯಲು ಸಿಕ್ಕಿದ್ದು 6 ಭ್ರೂಣ.

ಆ ಆರು ಸಾಕಾದವು. ಕಸಿಯಾದ ಜಾಗದಲ್ಲಿ ಎರಡನೆಯ ನರಕೊಳವೆ ಮೂಡಿತ್ತು. ಚೆನ್ನಾಗಿ ಬೆಳೆದ ಭ್ರೂಣದಲ್ಲಿ ಹೊಟ್ಟೆಗೆ ಅಂಟಿಕೊಂಡ ಅವಳಿಯಂತೆ ಇನ್ನೊಂದು ದೇಹವೇ ರೂಪುಗೊಂಡಿತ್ತು. ಮಾವಿನ ಗಿಡಕ್ಕೆ ಕಸಿ ಕಟ್ಟಿದರೆ ಕಸಿಯ ಕೊಂಬೆ ತನ್ನ ಜಾತಿಯ ಹಣ್ಣನ್ನೇ ಬಿಡುತ್ತದೆ, ಬುಡದ ಗಿಡದ ಸ್ವಭಾವ ಬದಲಾಗುವುದಿಲ್ಲ. ಇಲ್ಲಿ ಆದದ್ದೇ ಬೇರೆ. ಎರಡನೆಯ ನರಕೊಳವೆಯ ಹೆಚ್ಚಿನ ಕೋಶಗಳಲ್ಲಿ ಬಣ್ಣವಿತ್ತು. ಅಂದರೆ ಅವು ಕಸಿಯ ಕೋಶಗಳಲ್ಲ, ಮನೆಯವೇ. ಹೊಟ್ಟೆಯ ಚರ್ಮವಾಗಬೇಕಿದ್ದ ಕೋಶಗಳನ್ನು ಹೊರಗಿಂದ ಬಂದ ತುಣುಕು ನರವಾಗುವಂತೆ ಮಾಡಿತ್ತು. ಆ ತುಣುಕಿಗೆ ಸ್ಪೇಮಾನ್ 'ಆರ್ಗನೈಸರ್' ಎಂದು ಹೆಸರಿಟ್ಟರು.

ಪ್ರಬಂಧ 1924ರಲ್ಲಿ ಅಚ್ಚಾಯಿತು. ಮೊದಲ ಹೆಸರು ಸ್ಪೇಮಾನ್, ಎರಡನೆಯದು ಹಿಲ್ಡೆ. ಅದೇ ಪ್ರಯೋಗಾಲಯದ ಬೇರೆ ವಿದ್ಯಾರ್ಥಿಗಳು ತಮ್ಮ ಸಂಶೋಧನೆಯನ್ನು ತಮ್ಮ ಹೆಸರಿನಲ್ಲೇ ಪ್ರಕಟಿಸಿದ್ದರು. ಇದರಿಂದ ಹಿಲ್ಡೆಗೆ ಬೇಸರವಾಗಿತ್ತು ಎಂದು ಸಹಪಾಠಿ ವಿಕ್ಟರ್ ಹ್ಯಾಂಬರ್ಗರ್ ಮುಂದೆ ಬರೆದಿದ್ದಾರೆ. ನ್ಯಾಯವಾಗಿ ಹೇಳಬೇಕೆಂದರೆ ಪ್ರಶ್ನೆ ಸ್ಪೇಮಾನ್ ಅವರದು, ಅದರ ಹಿಂದೆ ಅವರ ಹಲವು ವರ್ಷಗಳ ಕೆಲಸವೂ ಇತ್ತು. ಆದರೆ ಆ ಮಾತನ್ನು ಎದುರಾಎದುರು ಚರ್ಚಿಸಲು ಹಿಲ್ಡೆಗೆ ಸಮಯವೇ ಸಿಗಲಿಲ್ಲ. ಅಷ್ಟರಲ್ಲಿ ಮದುವೆಯಾಗಿ, ಒಂದು ಮಗುವಿನ ತಾಯಿಯೂ ಆಗಿದ್ದ ಅವರು 1924ರ ಸೆಪ್ಟೆಂಬರ್‌ನಲ್ಲಿ ಅಡುಗೆಮನೆಯ ಸ್ಟೌ ಸಿಡಿದು ತೀರಿಕೊಂಡರು. ಇನ್ನೂ 26 ತುಂಬಿರಲಿಲ್ಲ. 1935ರ ನೊಬೆಲ್ ಸ್ಪೇಮಾನ್ ಒಬ್ಬರಿಗೇ ಬಂತು.

ಆರ್ಗನೈಸರ್ ಕೊಡುವ ಆ ಸಂದೇಶವೇನು ಎಂದು ಹುಡುಕಲು ಹೊರಟವರು ದಶಕಗಳ ಕಾಲ ದಾರಿ ತಪ್ಪಿದರು. 1930ರ ದಶಕದ ಆರಂಭದಲ್ಲೇ ಸತ್ತ ತುಣುಕು ಕೂಡ ನರ ಹುಟ್ಟಿಸುತ್ತದೆಂದು ಗೊತ್ತಾಯಿತು. ಅಂದಮೇಲೆ ಇದು ಯಾವುದೋ ರಾಸಾಯನಿಕ. ಆದರೆ ಭ್ರೂಣಕ್ಕೆ ಸಂಬಂಧವೇ ಇಲ್ಲದ ಮಿಥಿಲೀನ್ ಬ್ಲೂ ಬಣ್ಣ ಹಾಕಿದರೂ ನರ ಬಂದಾಗ ಎಲ್ಲರೂ ಕಂಗಾಲಾದರು.

ಗಂಟು ಬಿಚ್ಚಿದ್ದು ಕಪ್ಪೆಯ ಭ್ರೂಣದಲ್ಲಿ. 1989ರಲ್ಲಿ ಜರ್ಮನಿಯ ಗ್ರುಂಜ್ ಮತ್ತು ಟಾಕೆ ಹೊರಪದರದ ಕೋಶಗಳನ್ನು ಬಿಡಿಬಿಡಿಯಾಗಿಸಿ, ಸ್ವಲ್ಪ ಹೊತ್ತು ಹಾಗೇ ಇಟ್ಟರು. ಆರ್ಗನೈಸರ್ ಇಲ್ಲದೆಯೇ ಅವು ನರಕೋಶಗಳಾದವು. 1992ರಲ್ಲಿ ಅಮೆರಿಕದ ಸ್ಮಿತ್ ಮತ್ತು ಹಾರ್ಲೆಂಡ್ ಆರ್ಗನೈಸರ್‌ನಲ್ಲಿ ತಯಾರಾಗುವ ನಾಗಿನ್ ಎಂಬ ಪ್ರೋಟೀನ್ ಪತ್ತೆಮಾಡಿದರು. 1994ರಲ್ಲಿ ಸಾಸಾಯಿ, ಡಿ ರಾಬರ್ಟಿಸ್ ಮತ್ತು ಸಂಗಡಿಗರು ಕಾರ್ಡಿನ್ ಎಂಬ ಇನ್ನೊಂದನ್ನು ಕಂಡುಹಿಡಿದರು. ಇವೆರಡೂ ಏನು ಮಾಡುತ್ತವೆಂಬುದು 1996ರಲ್ಲಿ ಸ್ಪಷ್ಟವಾಯಿತು. ಭ್ರೂಣದಲ್ಲಿ ಬಿಎಂಪಿ ಎಂಬ ಪ್ರೋಟೀನ್ ಕೋಶದಿಂದ ಕೋಶಕ್ಕೆ 'ಚರ್ಮವಾಗು' ಎಂಬ ಸುದ್ದಿ ಒಯ್ಯುತ್ತದೆ. ನಾಗಿನ್, ಕಾರ್ಡಿನ್ ಎರಡೂ ಬಿಎಂಪಿಯನ್ನು ದಾರಿಯಲ್ಲೇ ಹಿಡಿದು ನಿಲ್ಲಿಸುತ್ತವೆ. ಆ ಸುದ್ದಿ ತಲುಪದ ಕೋಶ ನರದ ದಾರಿ ಹಿಡಿಯುತ್ತದೆ. ಕೋಶಗಳನ್ನು ಬಿಡಿಬಿಡಿ ಮಾಡಿದಾಗ ನರ ಬಂದದ್ದಕ್ಕೂ ಇದೇ ಕಾರಣ, ಬಿಎಂಪಿ ಅಲ್ಲೇ ಚದುರಿ ಹೋಗಿತ್ತು.

ನರವಾಗು ಎಂದು ಅಪ್ಪಣೆ ಕೊಡುವ ಯಜಮಾನನನ್ನು ಎಲ್ಲರೂ 70 ವರ್ಷ ಹುಡುಕಿದ್ದರು. ಸಿಕ್ಕಿದ್ದು, ಚರ್ಮವಾಗು ಎಂಬ ಅಪ್ಪಣೆ ಮುಟ್ಟದಂತೆ ತಡೆಯುವ ಕಾವಲುಗಾರ. ಕಪ್ಪೆಯಲ್ಲಿ ಕಂಡ ಈ ಪ್ರೋಟೀನ್‌ಗಳು ಮನುಷ್ಯರಲ್ಲೂ ಇವೆ. ಕಾಂಡಕೋಶಗಳಿಂದ ನರಕೋಶ ಬೆಳೆಸುವ ಇಂದಿನ ಪ್ರಯೋಗಾಲಯಗಳಲ್ಲಿ ಬಿಎಂಪಿಯನ್ನು ತಡೆಯುವುದು ಮಾಮೂಲು ಹೆಜ್ಜೆ.

ಆ ಪುಟ್ಟ ತುಣುಕನ್ನು ಈಗ ವಿಜ್ಞಾನಿಗಳು 'ಸ್ಪೇಮಾನ್-ಮಾಂಗೋಲ್ಡ್ ಆರ್ಗನೈಸರ್' ಎಂದೇ ಕರೆಯುತ್ತಾರೆ. ಹೆಸರು ಈಗಲೂ ಎರಡನೆಯದೇ, ಆದರೆ ಅಳಿಸಿಹೋಗಿಲ್ಲ. ವಿಶ್ವವಿದ್ಯಾಲಯದ ಪ್ರಕಟಣೆ ಹಿಡಿದು ವಿಜ್ಞಾನದ ಸುದ್ದಿ ಬರೆಯುವಾಗ ನಾವು ಒಂದು ಪ್ರಶ್ನೆಯನ್ನಾದರೂ ಹೆಚ್ಚು ಕೇಳೋಣ: ಸೂಜಿ ಹಿಡಿದವರು ಯಾರು?